ಕಾಮಣ್ಣನ ರಾಶಿಗೆ ಬಿದ್ದ ತೊಟ್ಟಿಲು

ಹಬ್ಬದ ದಿನ ನನಗೆ ಮನೆಯೊಳಗೆ ಕೂರಲಾಗುವುದಿಲ್ಲ. ಒಲೆಯ ಮೇಲೆ ಹೂರಣ ಬೇಯುತ್ತಿರಲಿ, ಬಾಗಿಲಿಗೆ ತೋರಣ ಕಟ್ಟಿರಲಿ, ನೆಂಟರು ಬಂದು ಚಾಪೆಯ ಮೇಲೆ ಕಾಲು ಚಾಚಿರಲಿ, ಹೊತ್ತೇರಿದ ಹಾಗೆ ಅಂಗಾಲು ತುರಿಸತೊಡಗುತ್ತದೆ. ಏನೋ ಒಂದು ನೆಪ ಹೇಳಿ ಚಪ್ಪಲಿ ಮೆಟ್ಟುತ್ತೇನೆ. ಕಡೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದಷ್ಟು ಕಾಲ ಈ ಓಟ ಬಸ್ ನಿಲ್ದಾಣದವರೆಗೆ, ಹೆಚ್ಚೆಂದರೆ ಬೀರೂರಿನವರೆಗೆ ಇತ್ತು. ಅವಧಿಗೆ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಸ್ಪೇನಿನವರೆಗೆ ಹೋಯಿತು. ನನ್ನ ಯಜಮಾನರು ತೋಟದ ಬೋರಿನ ಮೋಟಾರು ಬಿಟ್ಟು ಒಂದು ದಿನ ಹೊರಗೆ ತಂಗಿದವರಲ್ಲ. ಪ್ರಪಂಚದಲ್ಲಿ ಎಲ್ಲೆಲ್ಲಿ ಗಲಾಟೆ ಇದೆಯೋ ನೋಡಿಕೊಂಡು ಬಾ, ಇಲ್ಲಿಯ ಗಲಾಟೆ ನಾನು ನೋಡಿಕೊಳ್ಳುತ್ತೇನೆ ಎಂದು ಕಳಿಸಿಕೊಡುತ್ತಾರೆ. ಮದುವೆಯಾಗಿ ಮೂವತ್ತು ವರ್ಷಕ್ಕೆ ಗಂಡಸರಿಗೆ ಇಷ್ಟು ಬುದ್ಧಿ ಬಂದರೆ ಅದೇ ದೊಡ್ಡದು.

ಹಬ್ಬ ನೋಡಲೆಂದೇ ಅಷ್ಟು ದೂರ ಹೋಗಬೇಕೆ ಎಂದು ಕೇಳುವವರಿಗೆ, ಹೋಗಲೇಬೇಕು ಎನ್ನುತ್ತೇನೆ. ಪಾಂಪ್ಲೋನಾ ಎಂಬ ಊರಿನಲ್ಲಿ ಜುಲೈ ತಿಂಗಳ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಗೂಳಿಗಳನ್ನು ಕಲ್ಲು ಹಾಸಿದ ಕಿರುಬೀದಿಗೆ ಬಿಡುತ್ತಾರೆ. ಬಿಳಿ ಬಟ್ಟೆ, ಕೊರಳಿಗೆ ಕೆಂಪು ವಸ್ತ್ರ ಕಟ್ಟಿಕೊಂಡ ಗಂಡಸರು ಹೆಂಗಸರು ಅವುಗಳ ಕೊಂಬಿನ ಮುಂದೆಯೇ ಓಡುತ್ತಾರೆ. ಎಲ್ಲ ಮೂರು ನಾಲ್ಕು ನಿಮಿಷದ ಆಟ. ನಮ್ಮ ಸಿಂಗಟಗೆರೆಯ ಕಡೆ ಸಂಕ್ರಾಂತಿಯಲ್ಲಿ ಎತ್ತುಗಳಿಗೆ ಕಿಚ್ಚು ಹಾಯಿಸುವಾಗ ಜನ ಹೀಗೇ ಕೂಗುತ್ತಾರೆ; ಆದರೆ ನಮ್ಮ ಎತ್ತು ಮನೆಗೆ ಬಂದು ಹುಗ್ಗಿ ತಿನ್ನುತ್ತದೆ, ಆ ಗೂಳಿಗಳನ್ನು ಅದೇ ಸಂಜೆ ಅಖಾಡದಲ್ಲಿ ಕೊಲ್ಲುತ್ತಾರೆ ಎಂದು ತಿಳಿದ ಮೇಲೆ ನಾನು ಅಲ್ಲಿ ನಿಲ್ಲಲಿಲ್ಲ, ರೈಲು ಹತ್ತಿಬಿಟ್ಟೆ. ಕತಲೋನಿಯಾದ ಒಂದು ಚೌಕದಲ್ಲಿ ಮನುಷ್ಯರ ಹೆಗಲ ಮೇಲೆ ಮನುಷ್ಯರು ನಿಂತು ಏಳೆಂಟು ಅಂತಸ್ತಿನ ಗೋಪುರ ಕಟ್ಟುವುದನ್ನು ನೋಡಿದೆ. ತುದಿಗೆ ಹತ್ತುವುದು ಆರು ವರ್ಷದ ಹುಡುಗಿ. ಅವಳು ಮೇಲೆ ಹೋಗಿ ಒಂದು ಕೈ ಎತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರೆ ನಾನು ಕನ್ನಡದಲ್ಲಿ 'ಇಳಿಯೇ ತಾಯಿ, ಸಾಕು ಇಳಿ' ಎಂದು ಅರಚುತ್ತಿದ್ದೆ. ಇನ್ನೊಂದು ವರ್ಷ ಆಗಸ್ಟ್ ಕೊನೆಯಲ್ಲಿ ಬುನ್ಯೋಲ್ ಎಂಬಲ್ಲಿ ಲಾರಿಗಟ್ಟಲೆ ಟೊಮೆಟೊ ತಂದು ಸುರಿದು ಒಂದು ಗಂಟೆ ಹೊತ್ತು ಒಬ್ಬರಿಗೊಬ್ಬರು ಎರಚಾಡುವುದನ್ನು ಕಂಡೆ, ಎರಚಿದೆ, ತಿಂದೆ. ನಾನು ಕಳಿಸಿದ ವಿಡಿಯೋ ನೋಡಿ ನನ್ನ ಚಿಕ್ಕಮ್ಮ ಫೋನಿನಲ್ಲಿ ಒಂದೇ ಮಾತು ಹೇಳಿದಳು, ಅಷ್ಟೂ ಸಾರಿಗಾದರೂ ಆಗುತ್ತಿತ್ತು ಎಂದು.

ಎಲ್ಲ ಕಡೆ ನನಗೆ ಸಂತೋಷವಾಗಿದೆ, ಎಲ್ಲಿಯೂ ಸಮಾಧಾನವಾಗಿಲ್ಲ. ಒಂದು ಹಬ್ಬ ಮುಗಿಯುವ ಮೊದಲೇ ಇನ್ನೊಂದು ಯಾವಾಗ ಎಂದು ಮೊಬೈಲಿನಲ್ಲಿ ಹುಡುಕುತ್ತಿರುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಹುಟ್ಟುವಾಗ ಇರಲಿಲ್ಲ, ಹತ್ತನೆಯ ವಯಸ್ಸಿನಲ್ಲಿ ಕಟ್ಟಿಕೊಂಡೆ. ಅದು ಹೇಗೆ ಎಂದು ಹೇಳಬೇಕಾದರೆ ಅಜ್ಜಂಪುರದ ಪೇಟೆ ಬೀದಿಯ ನಮ್ಮ ಮನೆಯೊಳಗೆ ಹೋಗಬೇಕು.

ಮನೆಯ ಮುಂದಿನ ಅರ್ಧ ಅಂಗಡಿ. ಕಾಳು, ಬೆಲ್ಲ, ಈರುಳ್ಳಿ. ಅಂಗಡಿಯನ್ನು ಅಪ್ಪ ಮತ್ತು ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದರು. ಹಿಂದಿನ ಬಾಗಿಲು ದಾಟಿದರೆ ನಡುಮನೆ. ಅದರ ತೊಲೆಗೆ ಎರಡು ಕಬ್ಬಿಣದ ಕೊಂಡಿ, ಮೂಲೆಯಲ್ಲಿ ಅಟ್ಟಕ್ಕೆ ಹತ್ತುವ ಏಣಿ. ಎಡಕ್ಕೆ ದೇವರ ಕೋಣೆ, ಅಲ್ಲಿ ಬೆಳಗ್ಗೆ ಅಜ್ಜಿಯ ಲಿಂಗಪೂಜೆ ಮುಗಿಯುವವರೆಗೆ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಕೊನೆಗೆ ಅಡುಗೆಮನೆ, ಅದರಾಚೆ ಹಿತ್ತಿಲು. ಈರುಳ್ಳಿಯ ವಾಸನೆ ಎಷ್ಟು ಒಗ್ಗಿತ್ತೆಂದರೆ ಬೇರೆಯವರ ಮನೆಗೆ ಹೋದಾಗ ಅಲ್ಲಿ ಏನೋ ಇಲ್ಲ ಅನ್ನಿಸುತ್ತಿತ್ತು. ಹಬ್ಬ ಬಂತೆಂದರೆ ಸುತ್ತಲಿನ ಹಳ್ಳಿಗಳಿಂದ ಅಂಗಡಿಯ ಗಿರಾಕಿಗಳು ಊಟಕ್ಕೆ ಬರುತ್ತಿದ್ದರು. ಅದು ನಮ್ಮ ಮನೆಯ ದೊಡ್ಡಸ್ತಿಕೆ. ಹಾಗಾಗಿ ಹಬ್ಬ ನೋಡುವವರು ಗಂಡಸರು, ಹಬ್ಬ ಮಾಡುವವರು ಹೆಂಗಸರು. ಬೀದಿಯಲ್ಲಿ ತಮಟೆ ಕೇಳಿದಾಗ ಅಮ್ಮ ಲಟ್ಟಣಿಗೆ ನಿಲ್ಲಿಸಿ, ಎಲ್ಲಿಗೆ ಬಂತು ನೋಡಿ ಬಾ ಎಂದು ನನ್ನನ್ನು ಓಡಿಸುತ್ತಿದ್ದಳು. ನಾನು ಬಾಗಿಲವರೆಗೆ ಓಡಿ, ನೋಡಿ, ಬಂದು ವರದಿ ಒಪ್ಪಿಸಬೇಕು. ಹೊಸಿಲು ದಾಟಿದರೆ ಅಜ್ಜಿಯ ಕೂಗು. ಹೀಗೆ ಅರ್ಧ ಹಬ್ಬ ನೋಡಿ ನೋಡಿ ನನಗೆ ಪೂರ್ತಿ ಹಬ್ಬದ ಹುಚ್ಚು ಹಿಡಿಯಿತು.

ಮನೆಯಲ್ಲಿ ಒಂದು ತೇಗದ ತೊಟ್ಟಿಲಿತ್ತು. ನಾಲ್ಕು ಮೂಲೆಗೆ ನಾಲ್ಕು ಗಿಳಿ ಕೆತ್ತಿದ್ದರು. ಅಜ್ಜ, ಅಪ್ಪ, ಚಿಕ್ಕಪ್ಪ, ನಾನು, ಎಲ್ಲರೂ ಮಲಗಿದ್ದು ಅದರಲ್ಲೇ. ಪಟ್ಟಿಗಳನ್ನು ಬಿಡಿಸಿ ಗೋಣಿಯಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟಿರುತ್ತಿದ್ದರು. ವರ್ಷಕ್ಕೊಮ್ಮೆ ಯುಗಾದಿಯ ಬೆಳಗ್ಗೆ ಅಜ್ಜಿ ಅದನ್ನು ಇಳಿಸಿ, ಎಣ್ಣೆ ಒರೆಸಿ, ಜೋಡಿಸಿ, ನಡುಮನೆಯ ಕೊಂಡಿಗೆ ತೂಗಿಹಾಕಿಸುತ್ತಿದ್ದಳು. ಖಾಲಿ ತೊಟ್ಟಿಲು ತೂಗಬಾರದು ಎಂದು ಅದರೊಳಗೆ ರುಬ್ಬುವ ಗುಂಡುಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಹೊಸ ಕುಪ್ಪಸದ ಬಟ್ಟೆ ಹೊದಿಸಿ ಮಲಗಿಸುವುದು. ನಾಮಕರಣದಲ್ಲಿ ಕೂಸಿನ ಮೊದಲು ಕಲ್ಲನ್ನು ತೂಗುವುದು ಎಲ್ಲ ಕಡೆ ಉಂಟು. ನಮ್ಮ ಮನೆಯಲ್ಲಿ ಕೂಸೇ ಇರಲಿಲ್ಲ. ಆ ಕಲ್ಲನ್ನು ತೂಗಬೇಕಾದವಳು ನನ್ನ ಗಿರಿಜ ಚಿಕ್ಕಮ್ಮ. ಮದುವೆಯಾಗಿ ಎಂಟು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಬೀದಿಯ ಐವರು ಮುತ್ತೈದೆಯರು ಸುತ್ತ ಕುಳಿತು ಜೋಗುಳ ಹಾಡುತ್ತಿದ್ದರು, ಚಿಕ್ಕಮ್ಮ ಹಗ್ಗ ಹಿಡಿದು ತೂಗುತ್ತಿದ್ದಳು. ಒಂದು ಯುಗಾದಿಯಲ್ಲಿ ಅವರಲ್ಲೊಬ್ಬಳು, ಮೆಲ್ಲಗೆ ತೂಗೇ ಗಿರಿಜಾ, ಕೂಸು ಎದ್ದಾತು ಅಂದಳು. ಎಲ್ಲರೂ ನಕ್ಕರು. ಚಿಕ್ಕಮ್ಮನೂ ನಕ್ಕಳು. ಆಮೇಲೆ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಚಿಕ್ಕಪ್ಪ ಶಿವಣ್ಣ ಅಷ್ಟು ಹೊತ್ತೂ ಅಂಗಡಿಯಲ್ಲಿ ನಮ್ಮ ಕಡೆಗೆ ಬೆನ್ನು ಮಾಡಿ ಕೂತಿರುತ್ತಿದ್ದ. ಗಿರಾಕಿ ಇಲ್ಲದಿದ್ದರೂ ಬೇಳೆ ಅಳೆದು ಅಳೆದು ಮತ್ತೆ ಚೀಲಕ್ಕೇ ಸುರಿಯುತ್ತಿದ್ದ. ತಾಯಿಯ ಎದುರಿಗೆ ಕೆಮ್ಮಬೇಕಾದರೂ ಅಪ್ಪಣೆ ಕೇಳುವ ಪೈಕಿ. ನಡುಮನೆಯಲ್ಲಿ ಅಣ್ಣನ ಪಕ್ಕ ಕೂತು ತಲೆ ಬಗ್ಗಿಸಿ ಉಣ್ಣುತ್ತಿದ್ದ, ಉಪ್ಪು ಕಡಿಮೆಯಾದರೂ ಹೇಳುತ್ತಿರಲಿಲ್ಲ. ಹೆಂಡತಿಯ ಜೊತೆ ಮಠಕ್ಕೆ ಹೋಗುವಾಗ ಹತ್ತು ಮಾರು ಮುಂದೆ ನಡೆಯುತ್ತಿದ್ದ. ನಾನು ಚಿಕ್ಕಮ್ಮನ ಪಕ್ಕದಲ್ಲೇ ಮಲಗುತ್ತಿದ್ದವಳು, ನನ್ನ ಜಡೆ ಹಾಕುತ್ತಿದ್ದವಳು ಅವಳೇ. ಈ ಮನುಷ್ಯನ ಮೇಲೆ ನನಗೆ ಬಹಳ ಸಿಟ್ಟಿತ್ತು.

ಯುಗಾದಿಗೆ ಹದಿನೈದು ದಿನ ಮೊದಲು ಕಾಮನ ಹುಣ್ಣಿಮೆ. ನಮ್ಮ ಮನೆಯೆದುರು ಬೀದಿ ಕೂಡುವಲ್ಲಿ ಕಟ್ಟಿಗೆ ರಾಶಿ ಹಾಕಿ, ತುದಿಗೆ ಹುಲ್ಲಿನ ಕಾಮಣ್ಣನನ್ನು ಕೂರಿಸಿ, ಚಂದ್ರ ಮೂಡುತ್ತಲೇ ಬೆಂಕಿ ಕೊಡುವುದು. ಆ ಕಟ್ಟಿಗೆ ಕೇಳಿ ತಂದದ್ದಾಗಿರಬಾರದು, ಕದ್ದದ್ದಾಗಿರಬೇಕು. ಹದಿನೈದು ದಿನ ಹುಡುಗರ ಗುಂಪು ಹಿತ್ತಿಲು ಹಿತ್ತಿಲು ನುಗ್ಗಿ ಸೌದೆ, ಬೆರಣಿ, ಮುರಿದ ಬೆಂಚು, ಬೇಲಿಯ ಗೂಟ ಎತ್ತಿಕೊಂಡು ಬರುತ್ತಿದ್ದರು. ಕಳೆದುಕೊಂಡವರು ಬೈಯುತ್ತಿದ್ದರು, ಬೈಯುತ್ತಲೇ ನಗುತ್ತಿದ್ದರು. ಒಂದೇ ಕಟ್ಟಳೆ: ರಾಶಿಗೆ ಬಿದ್ದದ್ದನ್ನು ಯಾರೂ ವಾಪಸು ತೆಗೆಯಬಾರದು. ಪೇಟೆ ಬೀದಿಗೂ ಕೋಟೆ ಬೀದಿಗೂ ಯಾರ ಕಾಮಣ್ಣ ಎತ್ತರ ಎಂದು ಪೈಪೋಟಿ. ನಮ್ಮ ಬೀದಿಯ ಗುಂಪಿಗೆ ಯಜಮಾನ ರುದ್ರೇಶ, ಏಳನೆಯ ತರಗತಿಯವನು. ನನ್ನನ್ನೂ ಸೇರಿಸಿಕೊಳ್ಳಿ ಎಂದು ಒಂದು ವಾರ ಅವನ ಹಿಂದೆ ಬಿದ್ದೆ. ಹೆಣ್ಣುಮಕ್ಕಳು ಕಾಮಣ್ಣನ ಹತ್ತಿರ ಬರಬಾರದು ಎಂದ. ಕೊನೆಗೆ ಕಾಟ ತಾಳಲಾರದೆ, ಕೋಟೆ ಬೀದಿಯವರ ರಾಶಿಯಲ್ಲಿ ಇಲ್ಲದಂಥ ಒಂದು ಸಾಮಾನು ತಂದುಕೊಡು, ತಮಟೆಯವನ ಪಕ್ಕ ನಿಲ್ಲಿಸುತ್ತೇನೆ ಎಂದ. ತಮಟೆಯವನ ಪಕ್ಕ. ಬಾಗಿಲಲ್ಲಿ ಅಲ್ಲ, ಹೊಸಿಲ ಈಚೆ ಅಲ್ಲ.

ಚಿಕ್ಕಮ್ಮನ ಸಂಕಟ ನೋಡಲಾರದೆ ಆ ತೊಟ್ಟಿಲು ಕೊಟ್ಟೆ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಸುಳ್ಳು. ತಮಟೆಯ ಪಕ್ಕ ನಿಲ್ಲುವ ಆಸೆಗೆ ಕೊಟ್ಟೆ. ಹುಣ್ಣಿಮೆಯ ದಿನ ಮಧ್ಯಾಹ್ನ ಮನೆಯ ಹೆಂಗಸರೆಲ್ಲ ಹಿತ್ತಿಲಲ್ಲಿ ಚಾಪೆಯ ಮೇಲೆ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಅಪ್ಪ ಊಟ ಮಾಡಿ ಮಲಗಿದ್ದ. ಚಿಕ್ಕಪ್ಪ ಗೋದಾಮಿಗೆ ಹೋಗಿದ್ದ. ರುದ್ರೇಶ ಮತ್ತು ಇನ್ನೊಬ್ಬ ಹುಡುಗ ಅಂಗಡಿಯ ಬಾಗಿಲಿಂದ ಒಳಗೆ ಬಂದರು, ನಾನು ಏಣಿ ಹಿಡಿದುಕೊಂಡೆ. ಗೋಣಿ ಬಿಚ್ಚಲಿಲ್ಲ, ಹಾಗೇ ಎತ್ತಿಕೊಂಡು ಹೋದರು. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ನಾನು ಹಿತ್ತಿಲಿಗೆ ಹೋಗಿ ಚಿಕ್ಕಮ್ಮನ ಪಕ್ಕ ಕೂತು ಹಸಿ ಸಂಡಿಗೆ ಹಿಟ್ಟು ತಿಂದೆ.

ಸಂಜೆ ನೆರೆಮನೆಯವಳು ಬಂದು, ನಿಮ್ಮ ಗಿಳಿ ತೊಟ್ಟಿಲಿನ ಪಟ್ಟಿ ಕಾಮಣ್ಣನ ಕಾಲ ಬುಡದಲ್ಲಿದೆ ಎಂದು ಅಜ್ಜಿಗೆ ಹೇಳಿದಳು. ಅಜ್ಜಿ ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ ಬೀದಿಗೆ ಓಡಿದಳು. ಹಿಂದೆ ನಾವೆಲ್ಲ, ಚಿಕ್ಕಮ್ಮ ಮಾತ್ರ ಬಾಗಿಲಲ್ಲೇ ನಿಂತಳು. ಜನ ಆಗಲೇ ನೆರೆದಿದ್ದರು, ಚಂದ್ರ ಇನ್ನೇನು ಮೂಡಬೇಕು. ಅಜ್ಜಿ ರಾಶಿಗೇ ಕೈ ಹಾಕಲು ಹೋದಳು. ಬೀದಿಯ ಹಿರಿಯ ಒಬ್ಬರು ತಡೆದರು. ಅವರಿಗೂ ಇಕ್ಕಟ್ಟು, ರಾಶಿಗೆ ಬಿದ್ದದ್ದನ್ನು ತೆಗೆಯುವಂತಿಲ್ಲ, ಆದರೆ ಇದು ತೊಟ್ಟಿಲು. ಸ್ವಲ್ಪ ಯೋಚಿಸಿ ಅವರೇ ಒಂದು ದಾರಿ ಮಾಡಿದರು.

"ಹುಡುಗ್ರು ಕದ್ದು ತಂದಿದ್ರೆ ಒಂದು ಕಾಯಿ ಒಡ್ದು, ತಪ್ಪಾಯ್ತಪ್ಪಾ ಅಂತ ಕೈ ಮುಗ್ದು ಇಳ್ಸೋಣ. ಮನೆಯೋರೇ ಕೊಟ್ಟಿದ್ರೆ ಅದು ಕಾಮಣ್ಣಂದು, ಮುಟ್ಟಂಗಿಲ್ಲ. ಯಾರು ಕೊಟ್ರು ಹೇಳ್ರಪ್ಪಾ."

ರುದ್ರೇಶ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಲಿಲ್ಲ. ಹೇಳಿದರೆ ತೊಟ್ಟಿಲು ಸುಡುತ್ತದೆ, ಅಜ್ಜಿ ನನ್ನ ಚರ್ಮ ಸುಲಿಯುತ್ತಾಳೆ. ಹೇಳದಿದ್ದರೆ ತೊಟ್ಟಿಲು ಮನೆಗೆ ಬರುತ್ತದೆ, ಹದಿನೈದು ದಿನಕ್ಕೆ ಚಿಕ್ಕಮ್ಮ ಮತ್ತೆ ಕಲ್ಲು ತೂಗುತ್ತಾಳೆ. ಇಷ್ಟು ಸ್ಪಷ್ಟವಾಗಿ ಅಂದು ಯೋಚಿಸಿದ್ದೆನೋ ಇಲ್ಲವೋ, ಗೊತ್ತಿಲ್ಲ. ಅಷ್ಟರಲ್ಲಿ ಚಿಕ್ಕಪ್ಪ, ಕೈಯಲ್ಲಿ ಅಳೆಯುವ ಸೇರು ಹಿಡಿದುಕೊಂಡೇ ಬಂದಿದ್ದವನು, ಒಂದು ಹೆಜ್ಜೆ ಮುಂದಿಟ್ಟ. ಗಂಟಲು ಸರಿಮಾಡಿಕೊಂಡು 'ಅದು...' ಎಂದ. ಮುಂದೆ ಏನು ಹೇಳುತ್ತಿದ್ದನೋ, ಚಿಕ್ಕಮ್ಮ ಬಾಗಿಲಿಂದ ಬೀದಿಗೆ ಇಳಿದು ಬಂದುಬಿಟ್ಟಳು. ಹಬ್ಬದ ದಿನ ಅವಳು ಆ ಹೊಸಿಲು ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾನೇ ಕೊಟ್ಟಿದ್ದು. ಬೆಂಕಿ ಇಡ್ರಿ."

ಅಜ್ಜಿ ಕೂಗಾಡುತ್ತಾಳೆ ಎಂದುಕೊಂಡೆವು. ಕೂಗಲಿಲ್ಲ. ಜಗಲಿಯ ಮೇಲೆ ಕುಸಿದು ಕೂತು ಚಿಕ್ಕಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇನ್ಮೇಲೆ ನನ್ನ ಕೈಗೆ ನೀನು ನೀರು ಕೊಡ್ಬ್ಯಾಡ ಕಣೇ."

ಬೆಂಕಿ ಇಟ್ಟರು. ತೇಗ ಬೇಗ ಹಿಡಿಯಲಿಲ್ಲ, ಹಿಡಿದ ಮೇಲೆ ಬಹಳ ಹೊತ್ತು ಉರಿಯಿತು. ರುದ್ರೇಶ ಮಾತಿಗೆ ತಪ್ಪುವವನಲ್ಲ, ನನ್ನ ಕೈ ಹಿಡಿದೆಳೆದು ತಮಟೆಯವನ ಪಕ್ಕ ನಿಲ್ಲಿಸಿದ. ನಾನೂ ಹುಡುಗರ ಜೊತೆ ಬಾಯಿ ಬಡಿದುಕೊಂಡು ಕಾಮಣ್ಣನಿಗಾಗಿ ಅತ್ತೆ. ಕಾಲು ಕುಣಿಯುತ್ತಿತ್ತು. ಅಷ್ಟು ಸಂತೋಷ, ಅಷ್ಟು ಭಯ ಒಟ್ಟಿಗೇ ನನಗೆ ಮತ್ತೆಂದೂ ಆಗಿಲ್ಲ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯ ಬರುತ್ತದೆ.

ಮಾರನೆಯ ದಿನ ಚಿಕ್ಕಮ್ಮ ಎಂದಿನಂತೆ ನನ್ನ ಜಡೆ ಹಾಕಿದಳು. ಒಂದು ಮಾತೂ ಕೇಳಲಿಲ್ಲ. ಅವಳು ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಿದ್ದಾಳೆ, ನನ್ನನ್ನು ಉಳಿಸಲೆಂದೇ ತಪ್ಪನ್ನು ಮೈಮೇಲೆ ಹಾಕಿಕೊಂಡಿದ್ದಾಳೆ ಎಂದು ನಾನು ತೀರ್ಮಾನಿಸಿಬಿಟ್ಟೆ. ನಮ್ಮನ್ನು ಉಳಿಸಿದವರ ಎದುರು ಕೂರುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಅಜ್ಜಿ ದೀಪಾವಳಿಯವರೆಗೂ ಚಿಕ್ಕಮ್ಮ ಮುಟ್ಟಿದ್ದನ್ನು ಉಣ್ಣಲಿಲ್ಲ, ಅಮ್ಮ ಬೇರೆಯೇ ಒಂದು ಪಾತ್ರೆಯಲ್ಲಿ ಬೇಯಿಸುತ್ತಿದ್ದಳು. ಹೊರಗಿನವರ ಮುಂದೆ ಅಜ್ಜಿ ಚಿಕ್ಕಮ್ಮನನ್ನು ತೊಟ್ಟಿಲು ಸುಟ್ಟವಳು ಎಂದೇ ಕರೆಯುತ್ತಿದ್ದಳು. ಪ್ರತಿ ಸಲ ಆ ಮಾತು ಬಿದ್ದಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಮೊದಲು ಹಿತ್ತಿಲಿಗೆ, ಆಮೇಲೆ ರೈಲ್ವೆ ಸ್ಟೇಷನ್ನಿಗೆ, ಆಮೇಲೆ ಓದಿನ ನೆಪದಲ್ಲಿ ತರೀಕೆರೆಯ ಹಾಸ್ಟೆಲಿಗೆ. ಹಬ್ಬಕ್ಕೆ ಮನೆ ತುಂಬ ಜನ ಸೇರಿದಾಗ ಯಾರಾದರೂ ಇದ್ದಕ್ಕಿದ್ದಂತೆ, ಅಂದು ಯಾರು ಕೊಟ್ಟರು ಹೇಳಿ ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆ ನನಗೆ ಅರವತ್ತು ತುಂಬುತ್ತ ಬಂದರೂ ಹೋಗಿಲ್ಲ.

ಆದರೆ ಮನೆಯಲ್ಲಿ ಬೇರೊಂದು ಬದಲಾವಣೆಯೂ ಆಯಿತು. ಸುಟ್ಟ ಮಾರನೆಯ ಮಧ್ಯಾಹ್ನವೇ ಚಿಕ್ಕಪ್ಪ ತನ್ನ ತಟ್ಟೆ ಎತ್ತಿಕೊಂಡು ನಡುಮನೆಯಿಂದ ಅಡುಗೆಮನೆಗೆ ನಡೆದ, ಒಲೆಯ ಪಕ್ಕ ಚಿಕ್ಕಮ್ಮನ ಎದುರು ಕೂತು ಉಂಡ. ಅಜ್ಜಿ ನೋಡಿದಳು, ಅಪ್ಪ ನೋಡಿದ. ಬದುಕಿರುವವರೆಗೂ ಅವನು ಅಲ್ಲೇ ಉಂಡ. ಮಠಕ್ಕೆ ಹೋಗುವಾಗ ಪಕ್ಕದಲ್ಲಿ ನಡೆಯತೊಡಗಿದ. ಆ ಬೇಸಿಗೆಯಲ್ಲಿ ಯಾರಿಗೂ ಹೇಳದೆ ಹೆಂಡತಿಯನ್ನು ಬಸ್ಸು ಹತ್ತಿಸಿಕೊಂಡು ಕೆಮ್ಮಣ್ಣುಗುಂಡಿಗೆ ಹೋಗಿ ಸಂಜೆ ಬಂದ. ಚಿಕ್ಕಮ್ಮ ಮುಡಿಯಲ್ಲಿ ಅಲ್ಲಿಯ ಗುಲಾಬಿ ಇಟ್ಟುಕೊಂಡು ಬಂದಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಇಬ್ಬರೂ ತರೀಕೆರೆಯಲ್ಲಿ ಬೇರೆ ಅಂಗಡಿ ಇಟ್ಟರು. ಮಕ್ಕಳಾಗಲಿಲ್ಲ. ಅವರಷ್ಟು ಹೊಂದಿಕೊಂಡು ಬಾಳಿದ ಗಂಡ ಹೆಂಡಿರನ್ನು ನಾನು ನೋಡಿಲ್ಲ. ಚಿಕ್ಕಪ್ಪ ಕೊನೆಗೆ ಎರಡು ವರ್ಷ ಹಾಸಿಗೆ ಹಿಡಿದಾಗ ಅವಳು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅವನು ಹೋದ ಮೇಲೆ ಕಡೂರಿಗೆ ನಮ್ಮ ಮನೆಗೆ ಬಂದಳು.

ನಾನು ಸ್ಪೇನಿನ ವಲೆನ್ಸಿಯಾ ಊರಿನ ಬೆಂಕಿಯ ಹಬ್ಬದ ವಿಡಿಯೋ ನೋಡುತ್ತಿದ್ದಾಗ ಹಿಂದಿನಿಂದ ಬಗ್ಗಿ ನೋಡಿದವಳು, ಅಲ್ಲಿಗೆ ನಾನೂ ಬರುತ್ತೇನೆ ಎಂದಳು. ಎಪ್ಪತ್ತೈದರ ಹೆಂಗಸು. ಪಾಸ್‌ಪೋರ್ಟಿನ ಫೋಟೋಕ್ಕೆ ಹಣೆಯ ವಿಭೂತಿ ಅಳಿಸಲು ಒಪ್ಪಲಿಲ್ಲ. ಅವಲಕ್ಕಿ, ಚಟ್ನಿಪುಡಿ, ಸೀರೆಯ ಮೇಲೆ ಸ್ವೆಟರ್, ಕಾಲಿಗೆ ನನ್ನ ಯಜಮಾನರ ಬೂಟು. ಹೀಗೆ ಹೊರಟೆವು. ಆ ಹಬ್ಬವೂ ಮಾರ್ಚ್ ತಿಂಗಳಲ್ಲೇ, ಹೆಚ್ಚುಕಡಿಮೆ ನಮ್ಮ ಕಾಮಣ್ಣನ ಹೊತ್ತಿಗೇ. ಪ್ರತಿ ಬೀದಿಯವರೂ ಸೇರಿ ಮರ, ರಟ್ಟು, ಕಾಗದದಲ್ಲಿ ದೊಡ್ಡ ದೊಡ್ಡ ಗೊಂಬೆಗಳನ್ನು ಕಟ್ಟಿ ನಿಲ್ಲಿಸುತ್ತಾರೆ. ಕೆಲವು ಮೂರು ನಾಲ್ಕು ಮಹಡಿಯಷ್ಟು ಎತ್ತರ. ಮಂತ್ರಿಗಳು, ಆಟಗಾರರು, ಯಾರನ್ನೂ ಬಿಡದೆ ಗೇಲಿ ಮಾಡಿರುತ್ತಾರೆ. ವರ್ಷವಿಡೀ ದುಡಿದು ಕಟ್ಟಿದ್ದನ್ನು ಕೊನೆಯ ದಿನ ಸುಟ್ಟುಬಿಡುತ್ತಾರೆ. ಹಿಂದೆ ಬಡಗಿಗಳು ಚಳಿಗಾಲ ಮುಗಿದ ಮೇಲೆ ಬೇಡದ ಮರವನ್ನು ಬೀದಿಗೆ ತಂದು ಸುಡುತ್ತಿದ್ದರಂತೆ, ಅಲ್ಲಿಂದ ಶುರುವಾಯಿತಂತೆ. ಮಧ್ಯಾಹ್ನ ಎರಡಕ್ಕೆ ಚೌಕದಲ್ಲಿ ಪಟಾಕಿ ಹಚ್ಚಿದರೆ ನೆಲ ಅಂಗಾಲಿನಲ್ಲಿ ಅದುರುತ್ತದೆ. ಬೀದಿಯಲ್ಲೇ ಸೌದೆ ಒಲೆ ಹೂಡಿ ಅಗಲವಾದ ಬಾಣಲೆಯಲ್ಲಿ ಅನ್ನ ಮಾಡುತ್ತಾರೆ. ಚಿಕ್ಕಮ್ಮನಿಗೆ ಕುಂಬಳಕಾಯಿ ಹಾಕಿ ಕರಿದ ಅವರ ಬೋಂಡ ಬಹಳ ಹಿಡಿಸಿತು, ದಿನಕ್ಕೆ ಮೂರು ಸಲ ತಿಂದಳು. ಜರಿಯ ಉಡುಪಿನ ಹೆಂಗಸರು ಹೂಗುಚ್ಛ ಹಿಡಿದು ಅವರ ದೇವಿಯ ಮೂರ್ತಿಯ ಕಡೆಗೆ ಸಾಲಾಗಿ ನಡೆದು ಹೋಗುವುದನ್ನು ನೋಡಲು ದಾರಿಯ ಬದಿಯಲ್ಲಿ ಮೂರು ತಾಸು ನಿಂತಳು, ಕೂರು ಎಂದರೆ ಕೂರಲಿಲ್ಲ.

ಸುಡುವ ಮುಂಚೆ ಜನರೆಲ್ಲ ಓಟು ಹಾಕಿ ಅಷ್ಟೂ ಗೊಂಬೆಗಳಲ್ಲಿ ಒಂದು ದೊಡ್ಡದನ್ನು, ಒಂದು ಮಕ್ಕಳ ಗೊಂಬೆಯನ್ನು ಬೆಂಕಿಯಿಂದ ಉಳಿಸುತ್ತಾರೆ. ಅದನ್ನು ಕೇಳಿದ ಮೇಲೆ ನನ್ನ ಒಳಗಿನ ಚಡಪಡಿಕೆ ಹೆಚ್ಚಾಯಿತು. ನಾನು ಉಳಿದವಳು, ಉಳಿಸಿದವಳು ಪಕ್ಕದಲ್ಲೇ ಬೋಂಡ ತಿನ್ನುತ್ತಿದ್ದಾಳೆ, ಒಂದು ಮಾತು ಹೇಳದೆ ಐವತ್ತು ವರ್ಷವಾಗುತ್ತ ಬಂತು. ಕೊನೆಯ ದಿನ ಸಂಜೆ ಎಂಟಕ್ಕೆ ನಾವು ಇಳಿದುಕೊಂಡಿದ್ದ ಬೀದಿಯ ಮಕ್ಕಳ ಗೊಂಬೆಗೆ ಮೊದಲು ಬೆಂಕಿ ಕೊಟ್ಟರು. ಹತ್ತು ವರ್ಷದ ಹುಡುಗಿಯೊಬ್ಬಳು ರೇಷ್ಮೆಯ ಲಂಗ ತೊಟ್ಟು ಬತ್ತಿ ಹಚ್ಚಿದಳು, ಉರಿ ಏಳುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಅವತ್ತು ತೊಟ್ಟಿಲು ಕೊಟ್ಟವಳು ನಾನು ಎಂದೆ. ಪಟಾಕಿಯ ಸದ್ದಿಗೆ ಚಿಕ್ಕಮ್ಮನಿಗೆ ಕೇಳಿಸಲಿಲ್ಲ. ಕಿವಿಯ ಹತ್ತಿರ ಬಗ್ಗಿ ಎರಡನೆಯ ಸಲ ಹೇಳಬೇಕಾಯಿತು. ನಿನಗೆ ಗೊತ್ತಿತ್ತಲ್ಲ, ನನ್ನನ್ನು ಉಳಿಸಲೆಂದೇ ಅಲ್ಲವೇ ನೀನು ಮುಂದೆ ಬಂದದ್ದು ಎಂದೂ ಸೇರಿಸಿದೆ.

ಚಿಕ್ಕಮ್ಮ ನನ್ನ ಕಡೆ ತಿರುಗಿದಳು.

"ನೀನಾ? ನಿನ್ನ ನಾನು ಅವತ್ತು ನೋಡೇ ಇಲ್ಲ ಕಣೇ ಪಾರಿ. ನಾನು ಅವ್ರನ್ನ ನೋಡ್ತಿದ್ದೆ."

ಆಮೇಲೆ ತುಂಡು ತುಂಡಾಗಿ ಹೇಳಿದಳು, ಬೆಂಕಿಯ ಕಡೆಗೇ ನೋಡುತ್ತ. ಮಧ್ಯಾಹ್ನ ಗೋದಾಮಿಗೆ ಹೋಗುತ್ತೇನೆ ಎಂದು ಹೋದ ಗಂಡ ಸಂಜೆ ಗುಂಪಿನಲ್ಲಿ ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದದ್ದು ಕಂಡಾಗ ಅವಳಿಗೆ ಎಲ್ಲ ಹೊಳೆದುಹೋಯಿತಂತೆ. ಇವರೇ ಹಾಕಿದ್ದಾರೆ. ಅವ್ವನ ಎದುರು ಕೆಮ್ಮದ ಮನುಷ್ಯ ನನಗಾಗಿ ಮನೆಯ ತೊಟ್ಟಿಲು ತಂದು ಬೆಂಕಿಗೆ ಹಾಕಿದ್ದಾರೆ, ಈಗ ಒಪ್ಪಿಕೊಂಡುಬಿಡುತ್ತಾರೆ. ಅವರನ್ನು ಉಳಿಸಲೆಂದು ಅವಳು ಹೊಸಿಲು ದಾಟಿದಳು. ಮಾರನೆಯ ದಿನ ಅವನು ತಟ್ಟೆ ಹಿಡಿದು ಒಲೆಯ ಪಕ್ಕ ಬಂದು ಕೂತಾಗ ಇನ್ನು ಅನುಮಾನವೇ ಉಳಿಯಲಿಲ್ಲ. ಒಂದು ಸಲವಾದರೂ ಚಿಕ್ಕಪ್ಪನನ್ನು ಕೇಳಬಾರದಿತ್ತೇ ಎಂದೆ.

"ಮಾಡಿದ್ದನ್ನ ಹೇಳ್ಕೊಳ್ಳೋ ಜನ ಅಲ್ಲ ಅವ್ರು. ಕೇಳಿದ್ರೆ ನಾಚ್ಕೋತಾರೆ ಅಂತ ಬಿಟ್ಟೆ."

ಹಾಸಿಗೆ ಹಿಡಿದ ದಿನಗಳಲ್ಲಿ ಚಿಕ್ಕಪ್ಪ ಒಮ್ಮೆ ನನ್ನೊಡನೆ ಹೇಳಿದ್ದ: ಊರೆಲ್ಲ ನೋಡುತ್ತಿರುವಾಗ ನಿನ್ನ ಚಿಕ್ಕಮ್ಮ, ನಾನೇ ಕೊಟ್ಟಿದ್ದು ಅಂದಳಲ್ಲ, ಅವಳಿಗಿರುವ ಧೈರ್ಯದಲ್ಲಿ ಕಾಲು ಭಾಗ ನನಗಿಲ್ಲವಲ್ಲ ಎಂದು ಅವತ್ತು ನಾಚಿಕೆಯಾಯಿತು ಎಂದು. ಆ ಮಾತನ್ನು ಈಗ ಹೇಳಲೋ ಬೇಡವೋ ತಿಳಿಯದೆ ನಿಂತೆ. ಹೇಳಲಿಲ್ಲ. ನನ್ನ ಹೊರೆ ಇಳಿಸಿಕೊಳ್ಳುವ ಭರದಲ್ಲಿ ಆಗಲೇ ಸಾಕಷ್ಟು ಹಾಳುಮಾಡಿದ್ದೆ. ಗೊಂಬೆ ಕುಸಿದು ಬಿತ್ತು, ಜನ ಹಾಡಿದರು. ಚಿಕ್ಕಮ್ಮ ಕೈಯಲ್ಲಿದ್ದ ಬೋಂಡದ ಪೊಟ್ಟಣವನ್ನು ಮಡಿಸಿ ಮಡಿಸಿ ಸಣ್ಣದು ಮಾಡಿದಳು. ದೊಡ್ಡ ಗೊಂಬೆ ಸುಡುವುದನ್ನು ನೋಡಲು ನಿಲ್ಲಲಿಲ್ಲ, ರೂಮಿಗೆ ಹೋಗೋಣ ಎಂದಳು. ಎರಡು ದಿನ ನನ್ನೊಡನೆ ಬೇಕಾದಷ್ಟೇ ಮಾತು. ನಾನು ಕ್ಷಮೆ ಕೇಳಿದೆ, ಹುಡುಗಾಟಿಕೆ ಎಂದೆ, ಅತ್ತೆ. ಅವಳು ನನ್ನ ತಲೆ ಸವರಿದಳು, ಅಷ್ಟೇ. ವಿಮಾನದಲ್ಲಿ ಸೀಟಿನ ಬೆಲ್ಟು ಹಾಕಿಕೊಳ್ಳಲು ಹೆಣಗುತ್ತ, ನನ್ನ ಮುಖ ನೋಡದೆ ಕೇಳಿದಳು.

"ನೀನು ಏನೋ ಮನೆ ಕತೆ ಬರಿತಿದ್ದೀಯಲ್ಲ, ಅದ್ರಲ್ಲಿ ಇದೂ ಬತ್ತದಾ?"

ಬರುತ್ತದೆ ಎಂದೆ.

"ಹಂಗಾದ್ರೆ ಅವ್ರೇ ಹಾಕಿದ್ದು ಅಂತ ಬರಿ."

ಊರಿಗೆ ಬಂದು ಹಾಗೆಯೇ ಬರೆದೆ. ನೀವು ಓದುತ್ತಿರುವ ಈ ಬರಹವನ್ನಲ್ಲ, ಇದು ಆಮೇಲಿನದು, ಇದನ್ನು ಅವಳಿಗೆ ಓದಿ ಹೇಳಿಲ್ಲ. ಮೊದಲು ಬರೆದದ್ದರಲ್ಲಿ ಹೆಂಗಸರು ಸಂಡಿಗೆ ಇಡುತ್ತಿದ್ದಾಗ ಚಿಕ್ಕಪ್ಪ ಗೋದಾಮಿನಿಂದ ಹಿಂದಕ್ಕೆ ಬರುತ್ತಾನೆ, ಸುತ್ತ ನೋಡುತ್ತಾನೆ, ಏಣಿ ಹತ್ತುತ್ತಾನೆ, ಗೋಣಿಯನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನೋಡದೆ ಬೀದಿಗೆ ನಡೆಯುತ್ತಾನೆ. ಚಿಕ್ಕಮ್ಮನಿಗೆ ಈಗ ಅಕ್ಷರ ಕಾಣುವುದಿಲ್ಲ. ಒಂದು ಬೆಳಗ್ಗೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದವಳ ಎದುರು ಕೂತು ಅದನ್ನು ಓದಿದೆ. ಅವಳು ಕೈ ನಿಲ್ಲಿಸಿ ಪೂರ್ತಿ ಕೇಳಿದಳು. ಮುಗಿದ ಮೇಲೆ, ಅವರು ಏಣಿ ಹತ್ತಿದರಲ್ಲ, ಆ ಭಾಗ ಇನ್ನೊಂದು ಸಲ ಓದು ಎಂದಳು.

ಓದಿದೆ.